ಹಗ್ಗ ಹಿಡಿದ ಖಾಜಾ ಪೀರ್

ಖಾಜಾ ಪೀರ್ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಕೆಲಸದಲ್ಲಿದ್ದ. ದಿನಕ್ಕೆ ಹತ್ತು ಗಂಟೆ ಬಿಸಿನೀರಿನ ಬಾನಿಯ ಮುಂದೆ ಕೂತು, ಬೆಂದ ಗೂಡುಗಳ ನಡುವೆ ಕೈಯಾಡಿಸಿ ಎಳೆ ಹುಡುಕಿ ರಾಟೆಗೆ ಕೊಡುತ್ತಿದ್ದ. ಅವನ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಇಪ್ಪತ್ತೇಳನೇ ವಯಸ್ಸಿಗೆ ಉಬ್ಬಸ ಶುರುವಾಯಿತು. ಹಬೆ ಮತ್ತು ಹುಳದ ವಾಸನೆ ಎದೆ ಸೇರಿದೆ, ವಾರಕ್ಕೊಂದು ದಿನವಾದರೂ ಒಳ್ಳೆ ಗಾಳಿಯಲ್ಲಿ ತಿರುಗಾಡು ಅಂತ ಡಾಕ್ಟರು ಹೇಳಿದರು. ಆ ಮಾತು ಕೇಳಿ ಅವನು ಭಾನುವಾರಗಳಲ್ಲಿ ಬೆಟ್ಟ ಸುತ್ತಲು ಹೊರಟ. ಇದು ಎಂಬತ್ತಮೂರನೇ ಇಸವಿಯ ಮಾತು.

ಅವನು ನನಗೆ ಸಿಕ್ಕಿದ್ದು ಕಳವಾರದ ಬೆಟ್ಟದ ದಾರಿಯಲ್ಲಿ. ನಾನು ಆಗ ಮೇಲೂರಿನ ಶಾಲೆಯಲ್ಲಿ ಮೇಷ್ಟ್ರು. ನನಗೂ ಬೆಟ್ಟ ಹತ್ತುವ ಹುಚ್ಚಿತ್ತು. ಆ ದಿನ ಬೆಂಗಳೂರಿನ ಕಡೆಯವರು ಐದಾರು ಜನ ಬಂಡೆಯೊಂದಕ್ಕೆ ಹಗ್ಗ ಇಳಿಬಿಟ್ಟು ಹತ್ತುತ್ತಿದ್ದರು. ಖಾಜಾ ಪೀರ್ ಕೆಳಗೆ ಸೀತಾಫಲದ ಗಿಡದ ಪಕ್ಕ ಕೂತು ಬೆಳಗಿನಿಂದ ಸಂಜೆವರೆಗೂ ಅವರ ಕೈಗಳನ್ನೇ ನೋಡಿದ. ಬುತ್ತಿ ಬಿಚ್ಚಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಜೇಬಿನಿಂದ ಒಂದಿಷ್ಟು ರೇಷ್ಮೆ ನೂಲು ತೆಗೆದು ನನ್ನ ಮುಂದೆ ಒಂದು ಗಂಟು ಹಾಕಿ ತೋರಿಸಿದ.

"ಅವರು ಸೊಂಟಕ್ಕೆ ಹಾಕ್ಕೊಂಡಿದ್ದು ಇದೇ ಅಲ್ವಾ ಮೇಷ್ಟ್ರೇ?"

ನನಗೆ ಗೊತ್ತಿರಲಿಲ್ಲ. ಆದರೆ ಎಷ್ಟು ಜಗ್ಗಿದರೂ ಆ ಗಂಟು ಬಿಚ್ಚಿಕೊಳ್ಳಲಿಲ್ಲ.

ನಮ್ಮ ಬೆಟ್ಟ ಹತ್ತುವ ಸಂಘ ಹುಟ್ಟಿದ್ದು ಹೀಗೆ. ಮೊದಲು ಇದ್ದವರು ನಾಲ್ಕೇ ಜನ. ಖಾಜಾ ಪೀರ್, ನಾನು, ಕಲ್ಲು ಒಡೆಯುವ ಕೆಲಸದ ನಲ್ಲಪ್ಪ, ಮತ್ತು ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಮುನಿಶಾಮಿ. ನಲ್ಲಪ್ಪ ಬಂಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ. ಮುನಿಶಾಮಿಗೆ ಇಪ್ಪತ್ತೆರಡು ವರ್ಷ, ನಮ್ಮೆಲ್ಲರಿಗಿಂತ ಚೆನ್ನಾಗಿ ಹತ್ತುತ್ತಿದ್ದ. ಕಲಿಸುವವರು ಯಾರೂ ಇರಲಿಲ್ಲ. ಬಂಡೆ ಹತ್ತುವುದರ ಬಗ್ಗೆ ಬರೆದಿದ್ದ ಇಂಗ್ಲಿಷ್ ಪತ್ರಿಕೆಯೊಂದರ ಹರಿದ ನಾಲ್ಕು ಹಾಳೆ ನನಗೆ ಸಿಕ್ಕಿದ್ದವು. ಅವನ್ನು ಓದಿ ಹೇಳುವುದು ನನ್ನ ಕೆಲಸ. ಚಿಂತಾಮಣಿಯ ಅಂಗಡಿಯಿಂದ ಲಾರಿಗೆ ಕಟ್ಟುವ ನೈಲಾನ್ ಹಗ್ಗ ತಂದೆವು. ಅಂಬಾಜಿದುರ್ಗ, ಕೈವಾರದ ಬೆಟ್ಟ, ಗೌರಿಬಿದನೂರಿನ ಕಡೆಯ ಗುಡ್ಡಗಳು, ಹೀಗೆ ಎರಡು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ಯಾರಿಗೂ ಒಂದು ತರಚು ಗಾಯ ಬಿಟ್ಟರೆ ಏನೂ ಆಗಲಿಲ್ಲ. ಅದರಿಂದಲೇ ನಮಗೆ ಎಲ್ಲಾ ಗೊತ್ತು ಅನ್ನುವ ಧೈರ್ಯ ಬಂತು.

ಕಳವಾರದ ಬೆಟ್ಟದ ಮಗ್ಗುಲಲ್ಲಿ ಒಂದು ನುಣುಪು ಬಂಡೆಯಿದೆ. ನಾವು ಅದನ್ನು ತೆಲುಗಿನಲ್ಲಿ ನುನ್ನಬಂಡ ಅನ್ನುತ್ತಿದ್ದೆವು. ಎಂಬತ್ತಾರನೇ ಇಸವಿ ಫೆಬ್ರವರಿಯಲ್ಲಿ ಅದನ್ನು ಹತ್ತಲು ಹೋದೆವು. ಖಾಜಾ ಪೀರ್ ಹಿಂದಿನಿಂದ ಬಳಸಿ ಬಂಡೆಯ ನೆತ್ತಿಗೆ ಹೋಗಿ ಹಗ್ಗ ಹಿಡಿಯುವುದು, ಮುನಿಶಾಮಿ ಕೆಳಗಿನಿಂದ ಹತ್ತುವುದು ಅಂತಾಯಿತು. ಖಾಜಾ ಪೀರ್ ಮೇಲಕ್ಕೆ ಹೊರಡುವ ಮುಂಚೆ, ಸೊಂಟಕ್ಕೆ ಕಟ್ಟಿಕೊಳ್ಳಲು ಹೋದ ಮುನಿಶಾಮಿ ಹಗ್ಗವನ್ನು ಕೈಯಲ್ಲಿ ಎಳೆದು ನೋಡಿದ.

"ಪೀರಣ್ಣಾ, ಇಲ್ಲೊಂದು ಹುರಿ ಸವೆದೋಗಿದೆ ನೋಡು."

ಖಾಜಾ ಪೀರ್ ನೋಡಿದ. ಜೀವನವೆಲ್ಲ ಎಳೆಗಳ ಜೊತೆ ಕಳೆದವನು. "ಮೂರು ಹುರಿಯ ಹಗ್ಗ ಕಣೋ. ಒಂದು ಹೋದ್ರೆ ಇನ್ನೆರಡು ಇರ್ತವೆ. ತಡೆಯುತ್ತೆ, ಹತ್ತು," ಅಂದ.

ಮುನಿಶಾಮಿ ನಲವತ್ತು ಅಡಿ ಹತ್ತಿದ್ದಾಗ ಕಾಲು ಜಾರಿತು. ಹಗ್ಗ ಹಿಡಿಯಿತು. ಅವನು ತೂಗಾಡುತ್ತಾ ನಮ್ಮ ಕಡೆ ನೋಡಿ ನಕ್ಕ. ನಾನು ಕೆಳಗಿನಿಂದ ಕೈ ಎತ್ತಿದೆ. ಅವನು ಆ ಕಡೆಯಿಂದ ಈ ಕಡೆಗೆ ಎರಡು ಸಲ ತೂಗಿದ. ಮೇಲೆ ಬಂಡೆಯ ಅಂಚಿಗೆ ಹಗ್ಗ ಉಜ್ಜುತ್ತಿದ್ದುದು ನಮಗೆ ಕಾಣಲಿಲ್ಲ. ಮೂರನೇ ಸಲಕ್ಕೆ ಕಡಿದುಹೋಯಿತು. ಕೈಯಲ್ಲಿದ್ದ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು ಅಂತ ಖಾಜಾ ಪೀರ್ ಆಮೇಲೆ ಹೇಳುತ್ತಿದ್ದ.

ಚಿಕ್ಕಬಳ್ಳಾಪುರ ಇನ್ನೂ ಒಂದು ಮೈಲಿ ಇದೆ ಅನ್ನುವಾಗ, ಆಸ್ಪತ್ರೆಗೆ ಒಯ್ಯುತ್ತಿದ್ದ ಟೆಂಪೋದಲ್ಲೇ, ಮುನಿಶಾಮಿಯ ಉಸಿರು ನಿಂತಿತು.

ನಾವು ಮಾಡಿದ ತಪ್ಪು ಕೆಲಸ ಅದಾದ ಮೇಲೆ ನಡೆಯಿತು. ಪೊಲೀಸಿನವರು ಬರುವ ಮುಂಚೆ, ಬೆಟ್ಟದಲ್ಲೇ ಉಳಿದಿದ್ದ ನಲ್ಲಪ್ಪ ಹಗ್ಗವನ್ನು ಸುತ್ತಿ ಬಂಡೆಯ ಸಂದಿಗೆ ತುರುಕಿದ. "ಹಗ್ಗ ಇರ್ಲೇ ಇಲ್ಲ ಸ್ವಾಮಿ. ಬೇಡ ಅಂದ್ರೂ ಕೇಳ್ದೆ ಒಬ್ನೇ ಹತ್ತಕ್ಕೆ ಹೋದ," ಅಂತ ಹೇಳಿದ. ಕೇಳಿದಾಗ ನಾನೂ ಹೌದು ಅಂದೆ. ನನಗೆ ಸರ್ಕಾರಿ ಕೆಲಸವಿತ್ತು, ಹೆಂಡತಿ ಬಸುರಿ. ಖಾಜಾ ಪೀರ್‌ಗೆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಅವನು ಸುಮ್ಮನಿದ್ದುದನ್ನೇ ಒಪ್ಪಿಗೆ ಅಂತ ಬರೆದುಕೊಂಡರು.

ಮುನಿಶಾಮಿಯ ತಾಯಿ ಗಂಗುಲಮ್ಮ ಮೇಲೂರಿನವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. ಮಣ್ಣು ಮಾಡಿದ ದಿನದಿಂದ ಊರಿನಲ್ಲಿ ಒಂದೇ ಮಾತು: ಹುಡುಗನಿಗೆ ಕೊಬ್ಬು, ಹೇಳಿದ ಮಾತು ಕೇಳಲಿಲ್ಲ, ತಾಯಿಯನ್ನು ನೆನೆಸಿಕೊಳ್ಳಲಿಲ್ಲ. ನನ್ನ ಶಾಲೆಯ ಜಗಲಿಯ ಮೇಲೆ ಕೂತೇ ಜನ ಅದನ್ನು ಆಡುತ್ತಿದ್ದರು. ನಾನು ಒಳಗೆ ಪಾಠ ಮಾಡುತ್ತಿದ್ದೆ.

ಎರಡು ವಾರ ಕಳೆದ ಮೇಲೆ ಖಾಜಾ ಪೀರ್ ನನ್ನ ಮನೆಗೆ ಬಂದ. ಕಂಕುಳಲ್ಲಿ ಒಂದು ಗೋಣಿಚೀಲ.

"ತಾಹಿರಾಗೆ ಎಲ್ಲಾ ಹೇಳ್ಬಿಟ್ಟೆ ಮೇಷ್ಟ್ರೇ," ಅಂದ. ತಾಹಿರಾ ಅವನ ಹೆಂಡತಿ. "ಅವಳು ಒಂದೇ ಮಾತು ಕೇಳಿದ್ಳು. ಸತ್ತ ಹುಡುಗನ ಮೇಲೆ ತಪ್ಪು ಹಾಕಿ, ನೀವು ಯಾವ ಮುಖ ಇಟ್ಕೊಂಡು ನಮಾಜಿಗೆ ನಿಲ್ತೀರಿ ಅಂತ. ನಾನು ಆ ತಾಯಿ ಹತ್ರ ಹೋಗ್ತಾ ಇದ್ದೀನಿ. ನೀವೂ ಬರ್ಬೇಕು."

"ಪೀರ್, ಕೆಲಸ ಹೋಗುತ್ತಪ್ಪ ನನ್ದು."

"ಬರ್ದೇ ಇದ್ರೆ ನಿಮ್ಮ ಹೆಸರು ಹೇಳಲ್ಲ. ಬಂದ್ರೆ ನನಗೆ ಕಾಲು ನಡುಗಲ್ಲ, ಅಷ್ಟೇ."

ನಾನು ಚಪ್ಪಲಿ ಮೆಟ್ಟಿ ಹೊರಟೆ. ಧೈರ್ಯದಿಂದ ಅಲ್ಲ, ಅವನ ಮುಖ ನೋಡಿ.

ಗಂಗುಲಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ನಮ್ಮನ್ನು ನೋಡಿ ಕುಡುಗೋಲು ಕೆಳಗಿಟ್ಟಳು. ಖಾಜಾ ಪೀರ್ ಚೀಲದಿಂದ ಹಗ್ಗ ತೆಗೆದು ಅವಳ ಮುಂದೆ ಇಟ್ಟ. ಕಳವಾರಕ್ಕೆ ಒಬ್ಬನೇ ಹೋಗಿ ಸಂದಿಯಿಂದ ಅದನ್ನು ಎಳೆದು ತಂದಿದ್ದ. ನಡೆದದ್ದನ್ನೆಲ್ಲ ಹೇಳಿದ. ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದ. ಅವಳು ಹಗ್ಗದ ಕಡಿದ ತುದಿಯನ್ನು ಬೆರಳಲ್ಲಿ ಬಿಡಿಸಿ ನೋಡಿದಳು.

"ಇದು ಸವೆದಿರೋದನ್ನ ಅವನು ನೋಡಿದ್ನಾ?"

"ನೋಡ್ದ ಅಮ್ಮ. ನನಗೆ ತೋರಿಸ್ದ."

"ನೀನೇನಂದೆ?"

"ತಡೆಯುತ್ತೆ, ಹತ್ತು ಅಂದೆ."

ಪಕ್ಕದ ಸಾಲಿನಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿದ್ದರು. ಗಂಗುಲಮ್ಮ ಹಗ್ಗವನ್ನು ಅವನ ಕಡೆ ತಳ್ಳಿ, "ಇದನ್ನ ತಗೊಂಡು ಹೊರಡಿ," ಅಂದಳು. ಅಳಲಿಲ್ಲ, ಬೈಯಲಿಲ್ಲ. ನಾವು ಬದು ದಾಟುವ ಮುಂಚೆಯೇ ಕುಡುಗೋಲಿನ ಸದ್ದು ಮತ್ತೆ ಶುರುವಾಯಿತು.

ಅಲ್ಲಿಂದ ನೇರವಾಗಿ ಸ್ಟೇಷನ್ನಿಗೆ ಹೋಗಿ ಹೇಳಿಕೆ ತಿದ್ದಿಸಿದೆವು. ಕೇಸಾಯಿತು. ಒಂದು ವರ್ಷ ಕೋರ್ಟಿಗೆ ಅಲೆದೆವು. ಖಾಜಾ ಪೀರ್ ತನ್ನ ತಪ್ಪನ್ನು ಒಪ್ಪಿಕೊಂಡು ದಂಡ ಕಟ್ಟಿದ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬಡ್ತಿ ನಿಂತಿತು. ನಲ್ಲಪ್ಪ ಕೆಲವು ತಿಂಗಳು ನಮ್ಮ ಜೊತೆ ಮಾತು ಬಿಟ್ಟ.

ಸಂಘ ಮುಗಿಯಿತು ಅಂತಲೇ ನಾನು ತಿಳಿದಿದ್ದೆ. ಬೆಟ್ಟದ ಕಡೆ ಯಾರೂ ತಲೆ ಹಾಕಲಿಲ್ಲ. ಎಂಬತ್ತೆಂಟರ ಬೇಸಿಗೆಯಲ್ಲಿ ಒಂದು ಸಂಜೆ ಮೇಲೂರಿನ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದೆ. ಕೆಲಸ ನಿಂತುಹೋದ ಕಲ್ಲಿನ ಕ್ವಾರಿಯಿಂದ ಧಡ್ ಧಡ್ ಅಂತ ಸದ್ದು ಬಂತು. ಇಣುಕಿದರೆ ಖಾಜಾ ಪೀರ್ ಮತ್ತು ನಲ್ಲಪ್ಪ. ಮರಳು ತುಂಬಿದ ಮೂಟೆಗೆ ಹಗ್ಗ ಕಟ್ಟಿ, ಕ್ವಾರಿಯ ಅಂಚಿನಿಂದ ಕೆಳಕ್ಕೆ ತಳ್ಳುತ್ತಿದ್ದರು. ತೆಂಗಿನ ನಾರಿನ ಹಗ್ಗ, ಹತ್ತಿಯ ಹಗ್ಗ, ಲಾರಿ ಹಗ್ಗ, ಎಲ್ಲಾ ಬಗೆಯವೂ ಇದ್ದವು. ಯಾವುದು ಎಷ್ಟು ಸಲಕ್ಕೆ ಕಡಿಯಿತು ಅಂತ ನಲ್ಲಪ್ಪ ಇದ್ದಲಲ್ಲಿ ಬಂಡೆಯ ಮೇಲೆ ಗೀಟು ಹಾಕುತ್ತಿದ್ದ.

"ಏನಪ್ಪಾ ಇದು?" ಅಂದೆ.

"ಅವತ್ತು ತಡೆಯುತ್ತೆ ಅಂದಿದ್ನಲ್ಲ ಮೇಷ್ಟ್ರೇ," ಅಂದ ಖಾಜಾ ಪೀರ್, ಏದುಸಿರು ಬಿಡುತ್ತಾ. "ಎಷ್ಟು ತಡೆಯುತ್ತೆ ಅಂತ ಆಗ ನನಗೆ ಗೊತ್ತಿರ್ಲಿಲ್ಲ. ಈಗಲಾದ್ರೂ ಗೊತ್ತಾಗ್ಲಿ."

ನಾನೂ ದಿನಾ ಸಂಜೆ ಹೋಗತೊಡಗಿದೆ. ಆ ರಸ್ತೆಯಲ್ಲೇ ಗಂಗುಲಮ್ಮ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದಳು. ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ದಾಟುವವರೆಗೂ ಖಾಜಾ ಪೀರ್ ಮೂಟೆ ಬಿಡುತ್ತಿರಲಿಲ್ಲ. ಸದ್ದು ಅವಳ ಕಿವಿಗೆ ಬೀಳಬಾರದು ಅಂತ.

ಒಂದು ದಿನ ಅವಳು ರಸ್ತೆ ಬದಿಯಲ್ಲಿ ಹೊರೆ ಇಳಿಸಿ ಕ್ವಾರಿಯೊಳಗೆ ಬಂದಳು. ನಾವು ಮೂವರೂ ಎದ್ದು ನಿಂತೆವು.

"ಆ ಮೂಟೇಲಿ ಎಷ್ಟು ತೂಕ ಐತೆ?"

"ಐವತ್ತು ಕೇಜಿ ಅಮ್ಮ," ಅಂದ ಖಾಜಾ ಪೀರ್.

"ನನ್ನ ಮಗ ಐವತ್ತಿರ್ಲಿಲ್ಲ. ಸಾಯೋ ವಾರ ಮಾರ್ಕೆಟ್ಟಲ್ಲಿ ಗೂಡು ತೂಗೋ ತಕ್ಕಡಿ ಮೇಲೆ ನಿಂತಿದ್ನಂತೆ. ಅರವತ್ತೆರಡು ಬಂತು ಅಂತ ಮನೆಗೆ ಬಂದು ಹೇಳ್ದ. ಅರವತ್ತೆರಡು ಹಾಕು."

ನಲ್ಲಪ್ಪ ಅಳತೆ ಡಬ್ಬಿಯಲ್ಲಿ ಮರಳು ತುಂಬಿದ. ಖಾಜಾ ಪೀರ್ ಅದೇ ಬಗೆಯ ಲಾರಿ ಹಗ್ಗ ತೆಗೆದು, ಮೂರರಲ್ಲಿ ಒಂದು ಹುರಿಯನ್ನು ಕುಯ್ದು, ಮೂಟೆಗೆ ಕಟ್ಟಿ ಅಂಚಿನಿಂದ ಇಳಿಬಿಟ್ಟು ತೂಗಿಸಿದ. ಮೂರು ತೂಗು, ನಾಲ್ಕು ತೂಗು. ಕಡಿದು ಬಿತ್ತು. ಗಂಗುಲಮ್ಮ ಬಿದ್ದ ಮೂಟೆಯನ್ನೇ ನೋಡುತ್ತಿದ್ದಳು.

"ಈಗ ಇನ್ನೊಂದು ಥರ ಬಿಡ್ತೀನಿ ಅಮ್ಮ," ಅಂದ ಖಾಜಾ ಪೀರ್. ಅದೇ ಬಗೆಯ ಹಗ್ಗದಲ್ಲಿ ಮತ್ತೆ ಒಂದು ಹುರಿ ಕುಯ್ದ. ಈ ಸಲ ಬಂಡೆಯ ಅಂಚಿನ ಮೇಲೆ ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಹಗ್ಗ ಬರುವ ಹಾಗೆ ಮಾಡಿದ. ಮೂಟೆ ತೂಗಿತು. ಹತ್ತು ಸಲ, ಇಪ್ಪತ್ತು ಸಲ. ಹಗ್ಗ ಕಡಿಯಲಿಲ್ಲ.

ಗಂಗುಲಮ್ಮನ ದನಿ ಕೇಳಿಯೂ ಕೇಳಿಸದಷ್ಟು ಸಣ್ಣಗಿತ್ತು. "ಒಂದು ಗೋಣಿಚೀಲ ಹಾಸಿದ್ರೆ ಸಾಕಿತ್ತಾ?"

ಖಾಜಾ ಪೀರ್ ಅವಳಿಂದ ಮುಖ ತಿರುಗಿಸಲಿಲ್ಲ. "ಸಾಕಿತ್ತಮ್ಮ. ನನಗೆ ಗೊತ್ತಿರ್ಲಿಲ್ಲ."

ಆಗ ಅವಳು ನೆಲದ ಮೇಲೆ ಕೂತು ಅತ್ತಳು. ಮಗ ಸತ್ತಾಗಲೂ ಹೀಗೆ ಅತ್ತಿರಲಿಲ್ಲ ಅಂತ ಆಮೇಲೆ ಊರವರು ಹೇಳಿದರು. ಖಾಜಾ ಪೀರ್ ದೂರದಲ್ಲೇ ನಿಂತಿದ್ದ, ಹತ್ತಿರ ಹೋಗುವ ಹಕ್ಕು ತನಗಿಲ್ಲ ಅನ್ನುವ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹೊರೆ ಎತ್ತಿಕೊಡಲು ನಲ್ಲಪ್ಪನನ್ನು ಕರೆದಳು. ಹೊರಡುವಾಗ ಖಾಜಾ ಪೀರ್ ಕಡೆ ತಿರುಗಿ, "ಇದನ್ನ ಬೇರೆ ಹುಡುಗ್ರಿಗೆ ಹೇಳ್ಕೊಡು," ಅಂದಳು. "ನಿಂಗೊಬ್ಬಂಗೇ ಗೊತ್ತಾದ್ರೆ ಏನ್ ಬಂತು?"

ಸಂಘ ಮತ್ತೆ ಶುರುವಾದದ್ದು ಆ ಮಾತಿನಿಂದ. ಎಂಬತ್ತೊಂಬತ್ತರಲ್ಲಿ ಆರು ಜನ, ತೊಂಬತ್ತೆರಡರ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು. ಚಿಕ್ಕಬಳ್ಳಾಪುರದ ಕಾಲೇಜು ಹುಡುಗರು, ಗೌರಿಬಿದನೂರಿನ ಒಬ್ಬ ಟೈಲರು, ಚಿಂತಾಮಣಿಯ ತರಕಾರಿ ಮಂಡಿಯ ವಜೀರ್. ಹೊಸದಾಗಿ ಬಂದವರು ಮೊದಲ ಆರು ಭಾನುವಾರ ಬಂಡೆ ಮುಟ್ಟುವಂತಿರಲಿಲ್ಲ. ಕ್ವಾರಿಯಲ್ಲಿ ಮೂಟೆ ಕಟ್ಟಬೇಕು, ಬಿಡಬೇಕು, ಕಡಿದ ಹಗ್ಗವನ್ನು ಬಿಚ್ಚಿ ಎಲ್ಲಿ ಸೋತಿತು ಅಂತ ನೋಡಬೇಕು. ಬಹಳ ಜನ ಬೇಸರಪಟ್ಟು ಬಿಟ್ಟುಹೋದರು. ಖಾಜಾ ಪೀರ್ ಯಾರನ್ನೂ ತಡೆಯಲಿಲ್ಲ. ಬೆಂಗಳೂರಿನ ಒಂದು ತಂಡದವರು ಇವನ ಕೆಲಸ ನೋಡಿ, ಹತ್ತುವುದಕ್ಕೆಂದೇ ಮಾಡಿದ ಎರಡು ಹಗ್ಗ ಕೊಟ್ಟರು. ಅವರೆದುರಿಗೇ ಅದನ್ನೂ ಮೂಟೆಗೆ ಕಟ್ಟಿ ಬಿಟ್ಟು ನೋಡಿದ. ಅವರು ನಕ್ಕರು. ಅವನು ನಗಲಿಲ್ಲ. ಹತ್ತುವ ಯಾರಾದರೂ, ಎಷ್ಟೇ ಚಿಕ್ಕವರಿರಲಿ, ಹಗ್ಗದಲ್ಲಿ ಏನೋ ಕಂಡಿತು ಅಂದರೆ ಆವತ್ತಿನ ಹತ್ತುವಿಕೆ ಅಲ್ಲಿಗೆ ನಿಲ್ಲುತ್ತಿತ್ತು. ಚರ್ಚೆಯಿಲ್ಲ.

ತೊಂಬತ್ತೈದರಲ್ಲಿ ಹುಡುಗರು ನುನ್ನಬಂಡವನ್ನು ಪೂರ್ತಿ ಹತ್ತಿದರು. ಮೇಲೆ ಹಗ್ಗ ಹಿಡಿದವನು ಖಾಜಾ ಪೀರ್. ಇಳಿದು ಬಂದ ಮೇಲೆ ವಜೀರ್, ಬಂಡೆಯ ಬುಡದಲ್ಲಿ ಮುನಿಶಾಮಿಯ ಹೆಸರು ಬರೆಯೋಣ ಅಂದ. ಬಣ್ಣದ ಡಬ್ಬಿಯನ್ನೂ ತಂದಿದ್ದ. ಖಾಜಾ ಪೀರ್, ಅವನ ತಾಯಿಯನ್ನು ಕೇಳದೆ ಬೇಡ ಅಂದ. ನಾನೂ ಅವನೂ ಮೇಲೂರಿಗೆ ಹೋಗಿ ಕೇಳಿದೆವು. ಗಂಗುಲಮ್ಮ ಒಲೆಯ ಮುಂದಿನಿಂದ ಏಳದೆ ಹೇಳಿದಳು: "ಅವನ ಹೆಸರು ಕರೆಯೋಕೆ ನಾನಿದ್ದೀನಿ. ಕಲ್ಲಿನ ಮೇಲೆ ಬೇಡಪ್ಪ." ಹಾಗೇ ಬಿಟ್ಟೆವು.

ಖಾಜಾ ಪೀರ್‌ನ ಉಬ್ಬಸ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಯಿತು. ತೊಂಬತ್ತೇಳರ ಮೇಲೆ ಬೆಟ್ಟದ ಬುಡದಲ್ಲೇ ಕೂರುತ್ತಿದ್ದ. ತೊಂಬತ್ತೊಂಬತ್ತರ ಜನವರಿಯ ಚಳಿಯಲ್ಲಿ ಒಂದು ಬೆಳಿಗ್ಗೆ ತೀರಿಕೊಂಡ. ನಲವತ್ಮೂರು ವರ್ಷ. ಜನಾಜಕ್ಕೆ ಸಂಘದ ಹುಡುಗರೆಲ್ಲ ಹೆಗಲು ಕೊಟ್ಟರು.

ಗಂಗುಲಮ್ಮ ಮಧ್ಯಾಹ್ನದ ಬಸ್ಸಿಗೆ ಬಂದಳು. ಅವಳು ಆ ಮನೆಗೆ ಬಂದದ್ದು ಅದೇ ಮೊದಲು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ತಾಹಿರಾಳ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ನಾನು ಬಾಗಿಲ ಹೊರಗಿದ್ದೆ, ಮಾತು ಕೇಳಿಸುತ್ತಿತ್ತು.

"ನಿನ್ನ ಗಂಡನ್ನ ನಾನು ಕ್ಷಮಿಸಿದೀನೋ ಇಲ್ವೋ ನಂಗೇ ಗೊತ್ತಿಲ್ಲ ಕಣಮ್ಮ," ಅಂದಳು. "ಆದ್ರೆ ಒಂದು ಹೇಳ್ತೀನಿ. ಅವನು ಬಂದು ನಿಜ ಹೇಳೋವರೆಗೂ ಎರಡು ವಾರ, ಊರವರ ಜೊತೆ ಸೇರ್ಕೊಂಡು ನಾನೂ ನನ್ನ ಮಗನ್ನ ಬೈದಿದ್ದೆ. ಮಣ್ಣಲ್ಲಿ ಮಲಗಿರೋನ್ನ ಬೈದಿದ್ದೆ. ನಿನ್ನ ಗಂಡ ಬರ್ದೇ ಹೋಗಿದ್ರೆ ಸಾಯೋವರೆಗೂ ಬೈತಾ ಇರ್ತಿದ್ದೆ."

ಇಬ್ಬರೂ ಹಾಗೆಯೇ ಕೂತಿದ್ದರು. ಯಾರೋ ಚಹಾ ತಂದು ಕೊಟ್ಟರು. ಗಂಗುಲಮ್ಮ ಮೊದಲು ತಾಹಿರಾಗೆ ಕುಡಿಸಿ, ಆಮೇಲೆ ತಾನು ಕುಡಿದಳು. ಸಂಜೆ ಐದರ ಬಸ್ಸಿಗೆ ನಾನೇ ಅವಳನ್ನು ಹತ್ತಿಸಿ ಬಂದೆ.