ಹಸಿರು ಸೀರೆಯ ಸೊಸೆ

1960ರ ಆಸುಪಾಸು. ನಾನು ಆಗ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹೆಲ್ತ್ ವಿಸಿಟರ್. ಹಳ್ಳಿಗಳಿಗೆ ಹೋಗಿ ಬಾಣಂತಿಯರನ್ನೂ ಕಾಯಿಲೆಯವರನ್ನೂ ನೋಡಿ ಡಾಕ್ಟರಿಗೆ ತಿಳಿಸುವುದು ಕೆಲಸ. ಮನೆಯವರ ಮಾತನ್ನು ಅರ್ಧ ಮಾತ್ರ ನಂಬಬೇಕೆಂದು ಆ ಕೆಲಸವೇ ನನಗೆ ಕಲಿಸಿತ್ತು.

ಒಂದು ದಿನ ಮೇಲೂರಿನ ಜಮೀನುದಾರರ ಮನೆಯಿಂದ ನಾರಾಯಣಮ್ಮ ಬಂದರು. ಕೆಂಚಾರ್ಲಹಳ್ಳಿಗೆ ಕೊಟ್ಟ ಹೆಣ್ಣುಮಗಳು, ತಾಯಿಯನ್ನು ನೋಡಿಕೊಳ್ಳಲು ತೌರಿಗೆ ಬಂದಿದ್ದರು. "ನಮ್ಮಮ್ಮ ಸೊಸೆ ಇಕ್ಕಿದ್ದು ಮುಟ್ತಾ ಇಲ್ಲ ನರ್ಸಮ್ಮ. ಅವಳು ಅದರಾಗೆ ಏನೋ ಹಾಕ್ತಾಳೆ. ನೀವು ಹೂಂ ಅಂದ್ರೆ ನಾಳೇನೇ ಅವಳನ್ನ ತೌರಿಗೆ ಅಟ್ತೀವಿ," ಎಂದರು.

ಹೋಗಿ ನೋಡಿದೆ. ಮುದುಕಿ ಮುನಿವೆಂಕಟಮ್ಮನವರಿಗೆ ಮರೆವಿನ ಕಾಯಿಲೆ. ಈಗ ಡಿಮೆನ್ಶಿಯ ಎನ್ನುತ್ತಾರೆ, ಆಗ ಅರಳು ಮರಳು ಅಂದು ಸುಮ್ಮನಾಗುತ್ತಿದ್ದರು. ಸೊಸೆ ಸರೋಜ ತಟ್ಟೆ ತಂದಳು. ತಲೆಗೆ ಬಿಳಿ ಬಟ್ಟೆ, ಮಾಸಿದ ಸೀರೆ. ಮುದುಕಿ ಗೋಡೆಗೆ ಒತ್ತಿ ಕೂತು, "ಯಾರೇ ನೀನು? ಹೋಗಾಚೆ," ಎಂದರು. ಮಗಳ ಕೈಯಿಂದ ಅಷ್ಟೋ ಇಷ್ಟೋ ತಿಂದರು. ಸರೋಜ ಬೇಗ ಬೇಗ ಹಿತ್ತಲಿಗೆ ಹೊರಟುಹೋದಳು. ಆ ಅವಸರವೇ ನನ್ನ ಅನುಮಾನವನ್ನು ಹೆಚ್ಚಿಸಿತು. ಅದೇ ತಟ್ಟೆಯ ಮುದ್ದೆ ಮುರಿದು ನಾನೇ ತಿಂದೆ. ನನಗೇನೂ ಆಗಲಿಲ್ಲ.

ಮುಂದಿನ ಸಲ ಹೋದಾಗ ಮುದುಕಿ ಸರೋಜಳ ಕೈಯಿಂದಲೇ ಹೊಟ್ಟೆ ತುಂಬ ಉಣ್ಣುತ್ತಿದ್ದರು. ನನಗೆ ಸಮಾಧಾನ, ನಾರಾಯಣಮ್ಮನಿಗೆ ಸಾಕ್ಷಿ. "ನೋಡಿದ್ರಾ? ನೀವು ಬಂದು ಹೋದ ಭಯಕ್ಕೆ ಹಾಕೋದು ನಿಲ್ಸಿದ್ದಾಳೆ." ಕೆಲವು ವಾರಗಳಲ್ಲಿ ಮುದುಕಿ ಮತ್ತೆ ಊಟ ಬಿಟ್ಟ ಸುದ್ದಿ ಬಂತು. ಬಂದು ಕರೆದುಕೊಂಡು ಹೋಗಿ ಎಂದು ಸರೋಜಳ ತೌರಿಗೆ ಹೇಳಿ ಕಳಿಸಿಯೂ ಆಗಿತ್ತು.

ಈ ಸಲ ಮುದುಕಿಯನ್ನೇ ಕೇಳಿದೆ: "ನಿಮ್ಮ ಸೊಸೆ ಹೆಂಗಿದ್ದಾಳಮ್ಮ?"

"ಹಸಿರು ಸೀರೆ ಉಟ್ಕೊಂಡು, ಕನಕಾಂಬರ ಮುಡ್ಕೊಂಡು ಬರ್ತಾಳೆ. ಎಲ್ಲಿಗೆ ಹೋದ್ಲೋ, ಈ ಬೋಳುತಲೆಯೋಳು ಸೇರ್ಕೊಂಡವ್ಳೆ."

ನಾನು ಹಿತ್ತಲಿನ ಹುಳು ಮನೆಯತ್ತ ನೋಡಿದೆ. ರೇಷ್ಮೆ ಹುಳುವಿಗೆ ವಾಸನೆ ಆಗದು. ಬೆಳೆ ಇರುವಷ್ಟು ದಿನ, ಅಂದರೆ ಹುಳು ಗೂಡು ಕಟ್ಟುವವರೆಗೆ, ಹುಳು ನೋಡುವವಳು ಹೂ ಮುಡಿಯುವಂತಿಲ್ಲ, ಅರಿಶಿನ ಹಚ್ಚುವಂತಿಲ್ಲ, ತಲೆಗೆ ಎಣ್ಣೆಯೂ ಇಲ್ಲ; ಕೂದಲಿಗೆ ಬಟ್ಟೆ ಕಟ್ಟಿ ಹಳೇ ಸೀರೆಯಲ್ಲೇ ಇರಬೇಕು. ಮೊದಲ ಸಲ ನಾನು ಹೋದಾಗ ಮನೆಯಲ್ಲಿ ಹುಳುವಿತ್ತು. ಎರಡನೇ ಸಲ ಗೂಡು ಬಿಡಿಸಿ ಮಾರಿ ಆಗಿತ್ತು, ಸರೋಜ ಹಸಿರು ಸೀರೆ ಉಟ್ಟು ಹೂ ಮುಡಿದಿದ್ದಳು. ಈಗ ಮತ್ತೆ ಹುಳು. ಇಷ್ಟು ಕಣ್ಣೆದುರಿಗಿದ್ದೂ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸರೋಜಳ ಹಸಿರು ಸೀರೆ ತರಿಸಿ ನಾರಾಯಣಮ್ಮನಿಗೆ ಕೊಟ್ಟೆ. "ಬೆಳೆ ಮುಗಿಯೋವರೆಗೂ ನೀವು ಇದನ್ನೇ ಉಟ್ಟು, ಕನಕಾಂಬರ ಮುಡಿದು ಊಟ ಇಕ್ಕಿ." ಆಕೆ ಮುಖ ಸಿಂಡರಿಸಿಕೊಂಡೇ ಉಟ್ಟರು.

ಮುದುಕಿಯ ಮುಖ ಅರಳಿತು. ಒಂದೊಂದೇ ತುತ್ತು ನುಂಗುತ್ತಾ ಮಗಳ ಕೈ ಹಿಡಿದುಕೊಂಡರು. "ಬಂದ್ಯೇನಮ್ಮ ಸರೋಜ? ಆ ಕೆಂಚಾರ್ಲಹಳ್ಳಿಯೋಳು ನಿನ್ನ ಮೇಲೆ ದಿನಾ ಏನೇನೋ ಹೇಳ್ತಾಳೆ. ನಾನು ನಂಬಲ್ಲ. ನೀನು ಮನಸ್ಸಿಗೆ ಹಚ್ಕೋಬೇಡ."

ನಾರಾಯಣಮ್ಮನ ಕಣ್ಣು ತುಂಬಿತು. ಖಾಲಿ ತಟ್ಟೆ ಹಿಡಿದು ಆಕೆ ಹಿತ್ತಲಿಗೆ ಹೋದರು. ತಲೆಯಲ್ಲಿ ಹೂವಿತ್ತಲ್ಲ, ಹುಳು ಮನೆಯ ಬಾಗಿಲಾಚೆಯೇ ನಿಂತರು.

"ಸರೋಜ, ಅಮ್ಮ ಪೂರ್ತಿ ಉಂಡ್ಲು ಕಣೇ. ನಿನ್ನ ಹೆಸರು ಹೇಳ್ಕೊಂಡೇ ಉಂಡ್ಲು."

ಒಳಗೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಸದ್ದು ನಿಂತಿತು.

ಮರೆವಿನವರ ಮುಂದೆ ದಿನವೂ ಒಂದೇ ರೂಪದಲ್ಲಿ ಹೋಗಬೇಕು ಎಂಬುದನ್ನು ಆ ಮನೆ ನನಗೆ ಕಲಿಸಿತು. ಮುದುಕಿಗೆ ಮಗಳ ಹೆಸರೇ ಮರೆತಿತ್ತು. ಸೊಸೆಯ ಮೇಲಿನ ನಂಬಿಕೆ ಮಾತ್ರ ಮರೆತಿರಲಿಲ್ಲ.