ಅತ್ತೆ ಹೂಂಗುಟ್ಟಿದ ಬೀಜಗಣಿತ

ನಮ್ಮ ಮನೆಯಲ್ಲಿ ಬೀಜಗಣಿತ ಮೊದಲು ಅರ್ಥವಾದದ್ದು ನನಗಲ್ಲ, ನಮ್ಮತ್ತೆಗೆ. ಇದನ್ನು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಯುರಿ. ಅವರಿಗೆ ಓದು ಬರಹ ಬಾರದು, ಎಲ್ಲಿ ಹೋದರೂ ಹೆಬ್ಬೆಟ್ಟು. ನಾನಾದರೋ ಹತ್ತನೇ ತರಗತಿಯ ತನಕ ಓದಿದವಳು, ಗಣಿತ ಒಂದು ಬಿಟ್ಟು ಉಳಿದ ಎಲ್ಲದರಲ್ಲೂ ಪಾಸಾದವಳು. ಆ ಒಂದಕ್ಕೆ ಎರಡು ಸಲ ಕೂತು ಎರಡು ಸಲವೂ ಮಣ್ಣು ಮುಕ್ಕಿದ್ದೆ.

ಮೂರನೇ ಸಲದ್ದು ಬೇರೆಯೇ ಕಥೆ. ಆಗ ನನಗೆ ಹತ್ತೊಂಬತ್ತು. ಸಿಂಧನೂರಿನ ತವರುಮನೆಯಲ್ಲಿ ಮದುವೆ ಗೊತ್ತಾಯಿತು, ಮುಹೂರ್ತ ಬಿದ್ದದ್ದು ಗಣಿತ ಪರೀಕ್ಷೆಯ ದಿನವೇ. ಅಪ್ಪ ಹಿಂಜರಿಯುತ್ತಲೇ ಹೇಳಿ ನೋಡಿದರು. ಮಸ್ಕಿಯಿಂದ ಬಂದಿದ್ದ ಬೀಗತಿ, ಅಂದರೆ ನಮ್ಮತ್ತೆ, ಎಲೆಯಡಿಕೆ ಮಡಿಚುತ್ತ, "ಪರೀಕ್ಷಾ ವರ್ಷಾ ಬರತಾವ್ರಿ, ಇಂಥಾ ಮುಹೂರ್ತ ಬರತೈತೇನು?" ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ನನ್ನ ತಲೆಯ ಮೇಲೆ ಅಕ್ಷತೆ ಬೀಳುತ್ತಿದ್ದ ಹೊತ್ತಿಗೆ ಅದೇ ಊರಿನ ಶಾಲೆಯೊಂದರಲ್ಲಿ ನನ್ನ ನಂಬರಿನ ಬೆಂಚು ಖಾಲಿ ಇತ್ತು. ಆಮೇಲೆ ಹದಿನಾಲ್ಕು ವರ್ಷ ಯಾರೂ ಆ ಮಾತೆತ್ತಲಿಲ್ಲ.

ನಾನು ಮಸ್ಕಿಯ ಮನೆಯ ಪಡಸಾಲೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಅತ್ತೆ ಪಕ್ಕದಲ್ಲಿ ಕೂತು ಹುಕ್ಕು ಹಚ್ಚುತ್ತಾರೆ. ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಒಂದು ದಿನ ಅವರೇ ಸುದ್ದಿ ತಂದರು: ಸಿಂಧನೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರದಲ್ಲಿ ಟೀಚರ್ ಬೇಕಂತೆ. ನಾನು ಹೊಲಿದ ಎರಡು ಬ್ಲೌಸು ಚೀಲದಲ್ಲಿ ಹಾಕಿಕೊಂಡು ಹೋದೆ. ಅಲ್ಲಿಯ ಮೇಡಂ ತೋಳು ತಿರುವಿ, ಕುತ್ತಿಗೆಯ ಪಟ್ಟಿ ಎಳೆದು ನೋಡಿ, "ನಿಮ್ಮ ಕೈ ನೋಡಿದ್ರ ನಾಳೇನ ಬರ್ರಿ ಅಂತಿದ್ದೆ. ಆದರ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕ್ರಿ. ಈ ಸಲದ ರಿಸಲ್ಟ್ ತನಕಾ ಜಾಗ ಹಿಡೀತೀನಿ, ಅದರ ಮ್ಯಾಲ ನನ್ನ ಕೈಯಾಗಿಲ್ಲ" ಅಂದರು. ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಆ ಕೆಲಸ ಎಷ್ಟು ಬೇಕು ಅನ್ನಿಸಿತೆಂದರೆ, ಇಳಿಯಬೇಕಾದ ಸ್ಟಾಪು ದಾಟಿ ಮುಂದೆ ಹೋಗಿದ್ದೆ. ಇನ್ನೊಬ್ಬರ ಅಳತೆಗೆ ಹೊಲಿದು ಸಾಕಾಗಿತ್ತು. ನಾಲ್ಕು ಜನರ ಮುಂದೆ ನಿಂತು ಕಲಿಸಬೇಕಿತ್ತು.

ಫಾರ್ಮು ತುಂಬಿದ್ದಾಯಿತು. ಇನ್ನು ಕಲಿಯುವುದು ಎಲ್ಲಿ? ಟ್ಯೂಷನ್ನಿಗೆ ಹೋದರೆ ಹತ್ತನೇ ತರಗತಿಯ ಮಕ್ಕಳ ನಡುವೆ ಕೂರಬೇಕು. ಅದಕ್ಕೆ ನನ್ನ ಸೊಕ್ಕು ಒಪ್ಪಲಿಲ್ಲ. ಗಂಡ ಫೋನಿನಲ್ಲಿ ವಿಡಿಯೋ ಪಾಠ ಹುಡುಕಿಕೊಟ್ಟರು. ಹಗಲು ಹೊತ್ತು ಮನೆಯಲ್ಲಿರುವುದು ಅತ್ತೆಯ ಫೋನೊಂದೇ. ಅದರಲ್ಲಿ ಅವರು ದಿನವಿಡೀ ಭಜನೆ ಹಚ್ಚಿಕೊಂಡು ಹುಕ್ಕು ಹಾಕುವವರು. ಕೇಳಿದಾಗ ಮುಖ ಸಣ್ಣದಾಯಿತು, ಆದರೂ ಕೊಟ್ಟರು. "ನಾನೂ ಕೇಳತೀನಿ ಬಿಡು, ಮಾತು ಯಾರದಾದರ ಏನು, ಕಿವಿಗೆ ಬೀಳಬೇಕು ಅಷ್ಟ."

ಫೋನನ್ನು ದಾರದ ಉಂಡೆಗಳ ಡಬ್ಬಿಗೆ ಆನಿಸಿ ನಿಲ್ಲಿಸಿದೆವು. ಆ ಮಾಸ್ತರರು ಮೈಸೂರು ಕಡೆಯವರಿರಬೇಕು. ಕರಿಹಲಗೆಯ ಮುಂದೆ ನಿಂತು, "ನೋಡಿ ಮಕ್ಕಳೇ" ಅಂತ ಶುರು ಮಾಡಿದರೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಪ್ರತಿ ಎರಡು ಸಾಲಿಗೊಮ್ಮೆ "ಅರ್ಥ ಆಯ್ತಾ?" ಅನ್ನುವುದು ಅವರ ರೂಢಿ. ನಮ್ಮತ್ತೆಗೂ ಒಂದು ರೂಢಿ ಇತ್ತು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಮುಂದಿನ ಸಾಲಿನಲ್ಲಿ ಕೂತು ಹೂಂಗುಡುವವರು ಅವರೇ. ಹೇಳುವವರು ಹೇಳುತ್ತಿರುವಾಗ ಕೇಳುವವರು ಸುಮ್ಮನೆ ಕೂತರೆ ಅದು ಹೇಳುವವರಿಗೆ ಮಾಡುವ ಅವಮಾನ ಅಂತ ಅವರ ನಂಬಿಕೆ. ಹೀಗಾಗಿ ಮಾಸ್ತರರು "ಎಕ್ಸ್ ಪ್ಲಸ್ ಐದು" ಅಂದರೆ ಅತ್ತೆ "ಹೂಂ." "ಈ ಐದು ಆ ಕಡೆ ಹೋದ್ರೆ ಮೈನಸ್ ಆಗುತ್ತೆ" ಅಂದರೆ ಅತ್ತೆ "ಹೂಂ, ಆಗಲಿ." "ಅರ್ಥ ಆಯ್ತಾ?" "ಆತ್ರೀ ಸರ."

"ಅತ್ತೀ, ನನಗ ಆಗಿಲ್ಲರೀ!" ಅಂತ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕೂಗುತ್ತಿದ್ದೆ.

"ನಿನಗ ಆಗಿಲ್ಲಂದ್ರ ನೀ ಹೇಳಬೇಕಿತ್ತು. ಅವರು ಕೇಳಿದ್ರು, ನಾ ಹೇಳಿದೆ."

ನನ್ನ ಗಂಟಲಿಗೆ ಸಿಕ್ಕಿಕೊಂಡದ್ದು ಮೊದಲಿನಿಂದಲೂ ಆ ಎಕ್ಸೇ. ಲೆಕ್ಕದಲ್ಲಿ ಅಂಕಿ ಇರಬೇಕು, ಅಕ್ಷರಕ್ಕೇನು ಕೆಲಸ? ಸಣ್ಣವಳಿದ್ದಾಗ ಕೇಳಿದ್ದಕ್ಕೆ ತಲೆಯ ಮೇಲೆ ಮೊಟಕಿಸಿಕೊಂಡಿದ್ದೆ. ಈ ಮಾಸ್ತರರು ಹತ್ತು ಸಲ "ಎಕ್ಸ್ ಅಂದ್ರೆ ನಮಗಿನ್ನೂ ಗೊತ್ತಿಲ್ಲದ ಸಂಖ್ಯೆ" ಅಂದರು, ನಾನು ಹತ್ತೂ ಸಲ ಹಿಂದಕ್ಕೆ ಎಳೆದು ಕೇಳಿದೆ. ಗೊತ್ತಿಲ್ಲದ್ದನ್ನು ಕೂಡಿಸುವುದು ಹೇಗೆ, ಕಳೆಯುವುದು ಹೇಗೆ? ಸಿಟ್ಟಿಗೆ ನೋಟುಪುಸ್ತಕ ಎತ್ತಿ ಒಗೆದೆ. ಅದು ಅತ್ತೆಯ ಮಡಿಲಲ್ಲಿದ್ದ ಬ್ಲೌಸಿನ ತುಂಡುಗಳ ಮೇಲೆ ಬಿತ್ತು.

ಅತ್ತೆ ಪುಸ್ತಕ ಪಕ್ಕಕ್ಕಿಟ್ಟು ಒಂದು ತುಂಡು ಎತ್ತಿ ತೋರಿಸಿದರು. ಎರಡೂ ಬದಿ ಒಂದೇ ಥರ ಕಾಣುವ ಬಟ್ಟೆ ಕತ್ತರಿಸಿದಾಗ ಒಳಬದಿಗೆ ಸೀಮೆಸುಣ್ಣದಿಂದ ಎಕ್ಸಿನ ಹಾಗೆ ಒಂದು ಗುರುತು ಹಾಕುವುದು ನನ್ನದೇ ರೂಢಿ. ಹೊಲಿಯುವಾಗ ಉಲ್ಟಾ ಆಗಬಾರದಲ್ಲ.

"ಇದನ್ನ ದಿನಾ ನೀನ ಹಾಕತಿ. ಇದು ಕಂಡ್ರ ಏನ ತಿಳೀತಿ? ಇನ್ನೊಂದು ಬದಿ ಐತಿ, ಇನ್ನಾ ಕಂಡಿಲ್ಲ, ತಿರುವಿದ್ರ ಕಾಣತೈತಿ ಅಂತ. ಸರ ಅದನ್ನ ಹೇಳಾಕತ್ತಾರ. ಈಗ ಹೊಲದುಬಿಡು, ಆಮ್ಯಾಲ ತಿರುವಿ ನೋಡಿದ್ರಾತು."

ನಾನು ಒಗೆದ ಪುಸ್ತಕವನ್ನು ಮತ್ತೆ ಎಳೆದುಕೊಂಡೆ. ಮೂರು ಎಕ್ಸ್ ಕೂಡಿಸು ಐದು, ಸಮ ಇಪ್ಪತ್ತು. ಐದನ್ನು ಆ ಕಡೆ ಕಳಿಸಿದೆ, ಹದಿನೈದಾಯಿತು, ಮೂರರಿಂದ ಭಾಗಿಸಿದೆ. ತಿರುವಿ ನೋಡಿದರೆ ಐದು! ಹದಿನಾಲ್ಕು ವರ್ಷಗಳ ನಂತರ ಬಂದ ಆ ಐದನ್ನು ನೋಡಿ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಪಕ್ಕದ ಮನೆಯಾಕೆ ಏನಾಯಿತೆಂದು ಬಂದು ಇಣುಕಿದಳು.

ಆಮೇಲೆ ಪಾಠ ಓಡತೊಡಗಿತು. ವರ್ಗ ಸಮೀಕರಣ ಬಂತು. ಮಾಸ್ತರರು ಒಂದು ಲೆಕ್ಕಕ್ಕೆ ಎರಡು ಉತ್ತರ ತೆಗೆದು, ಅಗಲ ಐದು ಮೀಟರ್ ಅಥವಾ ಮೈನಸ್ ಎಂಟು ಮೀಟರ್ ಅಂದರು. ಅತ್ತೆ ಹೂಂ ಅನ್ನಲಿಲ್ಲ. ಸೂಜಿ ಹಿಡಿದ ಕೈ ಅಲ್ಲೇ ನಿಂತಿತು. "ಮೈನಸ್ ಎಂಟು ಮೀಟರ್ ಬಟ್ಟಿ ಯಾವ ಅಂಗಡ್ಯಾಗ ಸಿಗತೈತ್ರಿ ಸರ?" ಅಂದರು. ಮರುಕ್ಷಣವೇ ಮಾಸ್ತರರು, "ಅಳತೆ ಋಣ ಆಗೋಕೆ ಸಾಧ್ಯ ಇಲ್ಲ, ಆದ್ದರಿಂದ ಅದನ್ನ ಬಿಡೋಣ" ಅಂದರು. ಅತ್ತೆ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಆ ದಿನದಿಂದ ಮಾಸ್ತರರು ತಮ್ಮ ಮಾತು ಕೇಳಿಸಿಕೊಳ್ಳುತ್ತಾರೆ ಅಂತ ಅವರಿಗೆ ಖಾತ್ರಿಯಾಗಿಬಿಟ್ಟಿತು.

ಹೀಗೆ ನಗುತ್ತ ಸಾಗಿದ್ದಾಗಲೇ ಅತ್ತೆಯ ತಂಗಿ ಲಿಂಗಸುಗೂರಿನಿಂದ ಬಂದರು. ಮಗನ ಮದುವೆ. ಲಗ್ನಪತ್ರಿಕೆ, ಅಕ್ಷತೆಯ ಪೊಟ್ಟಣ ಕೈಗಿಟ್ಟು, ಮನೆಮಂದಿಯ ಬ್ಲೌಸಿನ ಗಂಟನ್ನೂ ನನ್ನ ಮುಂದಿಟ್ಟರು. ತಾರೀಖು ಓದಿದೆ. ನನ್ನ ಗಣಿತ ಪರೀಕ್ಷೆಯ ದಿನ. ಹತ್ತೂ ಹದಿನೈದಕ್ಕೆ ಮುಹೂರ್ತ. ಹತ್ತಕ್ಕೆ ನಮ್ಮ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು, ಓದಿಕೊಳ್ಳಲು ಬಿಟ್ಟು, ಹತ್ತೂ ಹದಿನೈದಕ್ಕೆ ಬರೆಯಲು ಗಂಟೆ ಹೊಡೆಯುತ್ತಾರೆ. ಪರೀಕ್ಷೆಯ ಕೇಂದ್ರವೂ ಲಿಂಗಸುಗೂರೇ.

ಅತ್ತೆಯ ತಂಗಿ ಹೋಗುವ ತನಕ ತಡೆದುಕೊಂಡೆ. ಆಮೇಲೆ ತಡೆಯಲಿಲ್ಲ. "ಈ ಸಲ ನಿಮ್ಮ ಮುಹೂರ್ತಕ್ಕ ನಾ ಬರಂಗಿಲ್ಲರೀ ಅತ್ತಿ. ನನ್ನ ತಲಿ ಮ್ಯಾಲ ಅಕ್ಷತಿ ಬೀಳೋ ಹೊತ್ತಿಗೆ ಸಾಲ್ಯಾಗ ನನ್ನ ಬೆಂಚು ಖಾಲಿ ಇತ್ತು. ಈ ಸಲ ಖಾಲಿ ಬಿಡಂಗಿಲ್ಲ!"

"ನಾ ನಿನ್ನ ಬಾ ಅಂದೀನೇನು?" ಅಂದರು ಅತ್ತೆ. ಅಷ್ಟೇ. ಆಮೇಲೆ ಎರಡು ದಿನ ವಿಡಿಯೋ ಹಚ್ಚಿದರೂ ಹೂಂ ಅನ್ನಲಿಲ್ಲ. ಆ ಹೂಂ ಇಲ್ಲದೆ ನನಗೂ ಪಾಠ ತಲೆಗೆ ಹತ್ತಲಿಲ್ಲ, ಆದರೆ ಹೇಳಲು ನಾಲಿಗೆ ಬರಲಿಲ್ಲ. ಮೂರನೇ ದಿನ ಮಾಸ್ತರರು "ಅರ್ಥ ಆಯ್ತಾ?" ಅಂದಾಗ ನಾನೇ "ಆಗಿಲ್ಲರೀ ಸರ, ನಮ್ಮತ್ತಿನ ಕೇಳ್ರಿ" ಅಂದೆ. ಅತ್ತೆ ನಕ್ಕುಬಿಟ್ಟರು.

ಪರೀಕ್ಷೆಯ ದಿನ ಬೆಳಿಗ್ಗೆ ಅತ್ತೆ ಮದುವೆಯ ಸೀರೆ ಉಟ್ಟು ನನ್ನ ಜೊತೆಗೇ ಲಿಂಗಸುಗೂರಿನ ಬಸ್ಸು ಹತ್ತಿದರು. ಗಂಡನಿಗೆ ಗಿರಣಿಯಲ್ಲಿ ರಜೆ ಸಿಕ್ಕಿರಲಿಲ್ಲ. ಶಾಲೆಯ ಗೇಟಿನ ತನಕ ಬಂದು, "ಬರಕೊಂಡು ಬಾ" ಅಂತಷ್ಟೇ ಹೇಳಿ ನಿಂತರು. ಕಲ್ಯಾಣ ಮಂಟಪ ಅಲ್ಲಿಂದ ಎರಡು ಓಣಿ ಆಚೆ. ತಂಗಿಯ ಮಗನ ಮದುವೆ, ಮುಂದೆ ನಿಂತು ಮಾಡಬೇಕಾದವರು, ಹೋಗಲಿ ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೆ ಕುಟುಕಿತು ಕೂಡ. ಅವತ್ತು ನನ್ನ ಪರೀಕ್ಷೆ ಬಿಡಿಸಿ ಅಕ್ಷತೆ ಹಾಕಿಸಿದವರು ಇವತ್ತೂ ಅಕ್ಷತೆಯ ಕಡೆಗೇ ಹೊರಟರಲ್ಲ ಅನ್ನಿಸಿತು.

ಒಳಗೆ ನನ್ನ ಸುತ್ತ ಹದಿನಾರರ ಹುಡುಗಿಯರು. ಒಬ್ಬಳು ನನ್ನನ್ನು ಮೇಲ್ವಿಚಾರಕಿ ಅಂದುಕೊಂಡು ಎದ್ದು ನಿಂತು ನಮಸ್ಕಾರ ಮಾಡಿದಳು. ಗಂಟೆ ಹೊಡೆಯಿತು. ಪೆನ್ನು ಹಿಡಿದೆ. ಎಷ್ಟೋ ಬಂದವು, ಎಷ್ಟೋ ಬರಲಿಲ್ಲ. ಕೊನೆಯಲ್ಲಿ ಒಂದು ಲೆಕ್ಕ ನೋಡಿ ಜೀವ ಬಂತು: ಆಯತಾಕಾರದ ಬಟ್ಟೆಯೊಂದರ ಉದ್ದ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು, ವಿಸ್ತೀರ್ಣ ನಲವತ್ತು ಚದರ ಮೀಟರ್, ಉದ್ದ ಅಗಲ ಎಷ್ಟು? ನಮ್ಮ ಮಾಸ್ತರರ ಲೆಕ್ಕವೇ! ಮೈನಸ್ ಎಂಟನ್ನು ಅತ್ತೆಯ ಮುಖ ನೆನೆದು ಹೊಡೆದುಹಾಕಿದೆ.

ಹೊರಬಂದಾಗ ಅತ್ತೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಗೇಟಿನ ಒಳಬದಿಯ ನೆಲದ ಮೇಲೆ ಹಳದಿ ಅಕ್ಕಿಕಾಳು ಚೆಲ್ಲಿದ್ದವು. ಯಾರೋ ತಾಯಿ ಮಗಳ ಪರೀಕ್ಷೆಗೆಂದು ದೇವರಿಗೆ ಬೇಡಿಕೊಂಡಿರಬೇಕು ಅಂದುಕೊಂಡು, ತುಳಿಯದ ಹಾಗೆ ದಾಟಿ ಬಂದೆ.

"ಮದುವಿ ಮುಗೀತೇನ್ರಿ?"

"ಯಾವಾಗೋ ಮುಗದೈತಿ. ನಿಂದು ಹೇಳು."

ಊಟಕ್ಕೆ ಹೋಗುವ ದಾರಿಯುದ್ದಕ್ಕೂ ಒಂದೊಂದೇ ಪ್ರಶ್ನೆ ಹೇಳಿದೆ, ಅವರು ಹೂಂಗುಟ್ಟಿದರು. ಬಟ್ಟೆಯ ಲೆಕ್ಕ ಬಂತು. "ಉದ್ದ ಎಂಟು, ಅಗಲ ಐದು ಬಂತ್ರಿ."

"ಮಾರ್ಜಿನ್ ಬಿಟ್ಟೆಲ್ಲ?" ಅಂದರು ಅತ್ತೆ. ನಾವು ಹೊಲಿಗೆಯವರು ಅಳತೆ ಅಂದರೆ ಅಳತೆಯಷ್ಟೇ ಕತ್ತರಿಸುವುದಿಲ್ಲ, ಸುತ್ತ ಒಂದಿಷ್ಟು ಹೆಚ್ಚು ಬಿಡುತ್ತೇವೆ. ಅದೇ ಮಾರ್ಜಿನ್.

"ಬಿಡದ ಇರತೀನೇನ್ರಿ? ಸುತ್ತೂಕಡೆ ಎರಡೆರಡು ಸೆಂಟಿಮೀಟರ್ ಬಿಟ್ಟು, ಉದ್ದ ಎಂಟು ಪಾಯಿಂಟ್ ಸೊನ್ನೆ ನಾಲ್ಕು, ಅಗಲ ಐದು ಪಾಯಿಂಟ್ ಸೊನ್ನೆ ನಾಲ್ಕು ಅಂತ..." ಅಲ್ಲಿಗೆ ಥಟ್ಟನೆ ಹೊಳೆಯಿತು. ಉತ್ತರದ ಕೆಳಗೆ ಗೆರೆ ಎಳೆದು, ಇದೇ ಕೊನೆಯ ಉತ್ತರ ಅಂತ ಬರೆದು ಬಂದಿದ್ದೆ. ಪರೀಕ್ಷೆಯಲ್ಲಿ ಮಾರ್ಜಿನ್ ಕೇಳಿದವರು ಯಾರು! ನಡುಬೀದಿಯಲ್ಲಿ ನಿಂತು ಹಣೆ ಬಡಿದುಕೊಂಡೆ.

ಅತ್ತೆ ಮಾತ್ರ ಬಿಡಲಿಲ್ಲ. "ಮಾರ್ಜಿನ್ ಬಿಡದ ಹೊಲಿಯಾಕ ಬರತೈತೇನು? ತಿದ್ದಾವರು ಶ್ಯಾಣ್ಯಾರಿದ್ರ ತಿಳಕೋತಾರ."

ರಿಸಲ್ಟ್ ಬರುವ ತನಕ ಆ ನಾಲ್ಕು ಸೆಂಟಿಮೀಟರು ನನ್ನ ಎದೆಯ ಮೇಲೆ ಕೂತಿತ್ತು. ಸಿಂಧನೂರಿನ ಕೆಲಸ ಅದರಿಂದಲೇ ಹೋಗುತ್ತದೆ ಅಂತ ಅನ್ನ ಸೇರುತ್ತಿರಲಿಲ್ಲ. ಬಂತು. ಮೂವತ್ತೈದಕ್ಕೆ ಪಾಸು, ನನಗೆ ಮೂವತ್ತೇಳು. ತಿದ್ದಿದವರು ಜಾಣರಿದ್ದರೋ ಏನೋ, ನಾನು ಕೇಳಲು ಹೋಗಲಿಲ್ಲ. ಮೇಡಂಗೆ ಫೋನು ಮಾಡಿದೆ. "ಸೋಮವಾರ ಬರ್ರಿ" ಅಂದರು. ಅತ್ತೆ ಓಣಿಯ ತುಂಬ ಸಕ್ಕರೆ ಹಂಚಿದರು.

ಭಾನುವಾರ ಅತ್ತೆಯ ತಂಗಿ ಪೇಡೆಯ ಡಬ್ಬಿ ಹಿಡಿದು ಬಂದರು. ನನ್ನ ಬಾಯಿಗೆ ಪೇಡೆ ಇಟ್ಟು, ಅಕ್ಕನ ಕಡೆ ತಿರುಗಿ, "ಈಕಿ ಪಾಸಾದ್ಲು, ಚಲೋ ಆತು. ಆದರ ನಿನ್ನ ಮ್ಯಾಲಿನ ಸಿಟ್ಟು ನನಗ ಇನ್ನಾ ಹೋಗಿಲ್ಲಬೇ. ನನ್ನ ಮಗನ ತಲಿ ಮ್ಯಾಲ ಅಕ್ಷತಿ ಹಾಕಾಕ ಬರಲಿಲ್ಲ, ಊಟದ ಹೊತ್ತಿಗೆ ಸೊಸೀನ್ನ ಕರಕೊಂಡು ಬಂದಿ. ಎಲ್ಲಿ ಹೋಗಿದ್ದಿ ಆವಾಗ?" ಅಂದರು.

ನಾನು ಅಗಿಯುವುದನ್ನು ನಿಲ್ಲಿಸಿದೆ. ಅತ್ತೆ ಹುಕ್ಕು ಹಚ್ಚುತ್ತಲೇ ಇದ್ದರು.

"ಎಲ್ಲೂ ಹೋಗಿಲ್ಲ. ಗೇಟಿನ ಮುಂದ ಕುಂತಿದ್ದೆ. ನೀ ಕೊಟ್ಟ ಅಕ್ಷತಿ ಸೆರಗಿನ್ಯಾಗಿತ್ತು. ಹತ್ತೂ ಹದಿನೈದಕ್ಕ ಸಾಲ್ಯಾಗ ಗಂಟಿ ಹೊಡೀತು. ಈಕಿ ಬೆಂಚಿನ ಮ್ಯಾಲ ಕುಂತಾಳಲ್ಲ, ಆವತ್ತು ನಾನ ಕುಂದ್ರಾಕ ಬಿಡಲಿಲ್ಲ, ಇವತ್ತು ಕುಂತಾಳ ಅಂತ ಅಲ್ಲೇ ಹಾಕಿದೆ. ನಿನ್ನ ಮಗನ ಹೆಸರಿಗೂ ನಾಕು ಕಾಳು ಹಾಕೀನಿ, ಸಿಟ್ಟಾಗಬ್ಯಾಡ."

ನನಗೆ ಗೇಟಿನ ಬಳಿಯ ಹಳದಿ ಕಾಳು ಕಣ್ಣಿಗೆ ಕಟ್ಟಿ ಅಳು ಒತ್ತಿ ಬಂತು. ಬಾಯಲ್ಲಿ ಪೇಡೆ, ಮಾತು ಬರಲಿಲ್ಲ.

ಅತ್ತೆ ತಲೆಯೆತ್ತಿ ನೋಡಿದರು. "ಹಿಂಗ ಸುಮ್ನ ಕುಂತ್ರ ಹೆಂಗವಾ? ಹೇಳಾಕತ್ತೀನಲ್ಲ, ಹೂಂ ಅನ್ನು."

"ಹೂಂ," ಅಂದೆ.