ಅರ್ಬಾಬರ ಬೇಟೆಬಯಲಿನ ಇಪ್ಪತ್ತು ಚೀಟಿಗಳು

ನನಗೆ ಹೆದರಿಕೆ ಹೆಚ್ಚು, ನಂಬಿಕೆ ಕಡಿಮೆ. ಇವೆರಡೂ ಒಂದೇ ಮನುಷ್ಯನಲ್ಲಿ ಹೇಗೆ ಬಾಳುತ್ತವೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಮೆಟ್ಟಿಲು ಹತ್ತಿ ಬರುವ ನಾನು, ಭೂತ, ಶಕುನ, ಮೈಮೇಲೆ ಬರುವುದು ಮುಂತಾದ ಮಾತು ಬಂದರೆ ಮಾತ್ರ ಎದೆಯುಬ್ಬಿಸಿ ನಗುತ್ತಿದ್ದೆ. ಒಮಾನಿನ ಹಮ್ರಿಯಾದ ನಮ್ಮ ಫ್ಲಾಟಿನಲ್ಲಿ ಊರಿನವರು ಸೇರಿ ಅಂಥ ಕಥೆ ಹೇಳಲು ಶುರುಮಾಡಿದರೆ ನಡುವೆ ಬಾಯಿ ಹಾಕಿ, "ಅದಕ್ಕೆ ಏನಾದ್ರೂ ಕಾರಣ ಇರ್ತದೆ ಮಾರಾಯ್ರೆ" ಎಂದು ಕಥೆ ಕೆಡಿಸುವವನು ನಾನೇ. ಹಾಗಾಗಿ ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ. ನೀವೂ ಬಾಯಿ ಹಾಕಬಹುದು. ಕಾರಣ ಸಿಕ್ಕಿದರೆ ದಯವಿಟ್ಟು ತಿಳಿಸಿ. ನಾನು ಒಂಬತ್ತು ವರ್ಷದಿಂದ ಹುಡುಕುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮತ್ರಾದ ಒಂದು ವ್ಯಾಪಾರದ ಕಂಪೆನಿಯಲ್ಲಿ ಸ್ಟೋರ್ ಕೀಪರ್. ಕಂಪೆನಿಯ ಒಡೆಯರೇ ನನ್ನ ಕಫೀಲ್, ಅಂದರೆ ಯಾರ ಸಹಿಯಿಂದ ನಾನು ಒಮಾನಿನಲ್ಲಿ ಇರಬಹುದೋ, ಯಾರ ಸಹಿ ಇಲ್ಲದಿದ್ದರೆ ಮರುದಿನವೇ ವಿಮಾನ ಹತ್ತಬೇಕೋ ಆ ಮನುಷ್ಯ. ಎಲ್ಲರೂ ಅವರನ್ನು ಅರ್ಬಾಬ್ ಎಂದು ಕರೆಯುತ್ತಿದ್ದೆವು. ಅವರ ಮೇಜಿನ ಮೇಲೆ ನನ್ನ ಫ್ಯಾಮಿಲಿ ವೀಸಾದ ಕಾಗದ ಎರಡು ತಿಂಗಳಿಂದ ಒಂದು ಪೇಪರ್‌ವೇಟಿನ ಕೆಳಗೆ ಮಲಗಿತ್ತು. ಹೆಂಡತಿ ಮತ್ತು ಮಗಳು ಉಡುಪಿಯ ಹತ್ತಿರ ಅವಳ ತವರಿನಲ್ಲಿದ್ದರು. ಮಗಳನ್ನು ನಾನು ನೋಡಿದ್ದೇ ಒಂದು ರಜೆಯಲ್ಲಿ. ಹೆಂಡತಿ ಕಳಿಸುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಅವಳು ಮೊದಲು ಅಳುತ್ತಿದ್ದಳು, ಆಮೇಲೆ ತೊದಲುತ್ತಿದ್ದಳು, ಕೊನೆಯದರಲ್ಲಿ ಹಾಡಿಯೇ ಬಿಟ್ಟಿದ್ದಳು. ಮಗಳು ದೊಡ್ಡವಳಾಗುವುದನ್ನು ನಾನು ಕಿವಿಯಲ್ಲಿ ಮಾತ್ರ ತಿಳಿದುಕೊಳ್ಳುತ್ತಿದ್ದೆ. ನನಗೆ ಬೇಕಿದ್ದದ್ದು ಒಂದು ಸಹಿ, ಅಷ್ಟೇ.

ರುಸ್ತಾಕ್ ಊರು ದಾಟಿ ಒಳಗೆ ಹೋದರೆ, ಬೆಟ್ಟದ ಬುಡದಲ್ಲಿ ಅರ್ಬಾಬರ ಹಿರಿಯರಿಂದ ಬಂದ ಒಂದು ಬಯಲಿತ್ತು. ಸುತ್ತ ತಂತಿಬೇಲಿ. ಒಳಗೆ ಕೌಜುಗಗಳನ್ನೂ ಮೊಲಗಳನ್ನೂ ಸಾಕಿ ಬಿಡುತ್ತಿದ್ದರು. ಚಳಿಗಾಲದಲ್ಲಿ ಅತಿಥಿಗಳು ಬಂದು ಬೇಟೆಯಾಡುವುದು ವಾಡಿಕೆ. ಬೇಟೆಗೆ ಅರ್ಬಾಬರ ಸಲೂಕಿ ಇತ್ತು, ಹೆಸರು ಬರ್ಕ್, ಅಂದರೆ ಮಿಂಚು. ಸಲೂಕಿ ಎಂದರೆ ಸಣ್ಣ ಸೊಂಟದ, ಉದ್ದ ಮೂತಿಯ ಬೇಟೆನಾಯಿ. ಆದರೆ ಅದನ್ನು ನಾಯಿ ಎಂದರೆ ಅಲ್ಲಿನವರಿಗೆ ಸಿಟ್ಟು ಬರುತ್ತದೆ. ನಾಯಿ ಎಂದರೆ ಹೊರಗೆ ಅಲೆಯುವಂಥದ್ದು, ಸಲೂಕಿ ಎಂದರೆ ಮನೆಯ ಮಗ. ಆ ವರ್ಷ ಹೊರಗೆ ಅಲೆಯುವ ಆರೇಳು ನಾಯಿಗಳು ಬೇಲಿಯಡಿ ತೋಡಿಕೊಂಡು ಒಳಗೆ ನುಗ್ಗಿ, ಹಕ್ಕಿಗಳನ್ನು ಅತಿಥಿಗಳಿಗಿಂತ ಮೊದಲೇ ಬೇಟೆಯಾಡತೊಡಗಿದ್ದವು. ಶುಕ್ರವಾರದ ನಮಾಜಿನ ನಂತರ ದೊಡ್ಡ ಅತಿಥಿಗಳು ಬರುವವರಿದ್ದರು. ಕೋವಿ ಹಾರಿಸಿದರೆ ಉಳಿದ ಹಕ್ಕಿಗಳೂ ಬೆಟ್ಟ ಸೇರುತ್ತವೆ. ಆಗ ಅರ್ಬಾಬರಿಗೆ ನನ್ನ ಗೋದಾಮಿನಲ್ಲಿ ಬೀಗ ಹಾಕಿಟ್ಟ ಇಲಿಪಾಷಾಣ ನೆನಪಾಯಿತು.

"ಸ್ಟೋರ್," ಎಂದರು. ನನ್ನ ಹೆಸರು ಅವರ ನಾಲಿಗೆಗೆ ಯಾವತ್ತೂ ಹತ್ತಿರಲಿಲ್ಲ. "ನೀನು ಲೆಕ್ಕದ ಮನುಷ್ಯ. ನೀನೇ ಹೋಗು. ಅತಿಥಿಗಳು ಬರುವ ಮೊದಲು ಪಾಷಾಣ ಹಾಕಿದ ಮಾಂಸ ಒಂದು ತುಂಡೂ ನೆಲದ ಮೇಲೆ ಉಳಿದಿರಬಾರದು. ಬರ್ಕ್ ಅಲ್ಲೇ ಇದ್ದಾನೆ, ಜೋಪಾನ." ಆಮೇಲೆ ಪೇಪರ್‌ವೇಟಿನ ಮೇಲೆ ಬೆರಳಿಟ್ಟು, "ಶನಿವಾರ ಬಾ, ಇದನ್ನು ನೋಡೋಣ" ಎಂದರು.

ಜಿರಲೆಗೆ ಚಪ್ಪಲಿ ಎತ್ತಿ, ಅದು ತಿರುಗಿ ನೋಡಿದರೆ ಚಪ್ಪಲಿ ಕೆಳಗಿಡುವ ಜಾತಿ ನನ್ನದು. ಆದರೂ ಗುರುವಾರ ಮಧ್ಯಾಹ್ನ ಪಿಕಪ್ ಹತ್ತಿದೆ. ಡ್ರೈವರ್ ಅಬ್ಬು. ಬಂಟ್ವಾಳದ ಕಡೆಯ ಬ್ಯಾರಿ, ಹತ್ತು ವರ್ಷದಿಂದ ಒಮಾನಿನ ರಸ್ತೆಗಳನ್ನೂ ನನ್ನಂಥವರನ್ನೂ ಸಹಿಸಿಕೊಂಡಿದ್ದವನು. ಸಂಜೆ ನಾಲ್ಕಕ್ಕೆ ಬಯಲು ತಲುಪಿದೆವು. ಕಾವಲುಗಾರ ಹಮೂದ್ ಎಂಬ ಒಮಾನಿ ಮುದುಕ ಗೇಟು ತೆರೆದ. ನಾನು ಪಾಷಾಣದ ಮಾಂಸದ ತುಂಡುಗಳನ್ನು ಸಿದ್ಧಪಡಿಸಿ, ಚೀಲದಿಂದ ಒಂದು ಕಟ್ಟು ಕಂದು ಚೀಟಿಗಳನ್ನು ತೆಗೆದೆ. ಗೋದಾಮಿನಲ್ಲಿ ಪ್ರತಿ ಸಾಮಾನಿಗೆ ದಾರದಲ್ಲಿ ಕಟ್ಟುವ ನಂಬರಿನ ಚೀಟಿಗಳು.

"ಎಂತದಿದು?" ಎಂದ ಅಬ್ಬು. "ನಾಯಿಗೆ ಹಾಕುವ ಮಾಂಸಕ್ಕೂ ಸ್ಟಾಕ್ ರಿಜಿಸ್ಟ್ರಾ? ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ?"

"ಇಟ್ಟದ್ದೆಷ್ಟು, ತಿಂದದ್ದೆಷ್ಟು, ಉಳಿದದ್ದೆಷ್ಟು ಗೊತ್ತಾಗ್ಬೇಡ್ವಾ? ಒಂದು ತುಂಡು ಉಳಿದು ಅದನ್ನು ಬರ್ಕ್ ತಿಂದ್ರೆ?"

"ಸರಿ, ಕನ್ನಡದಲ್ಲಿ ಯಾಕೆ ಬರೀತೀರಿ?"

ನಿಜ, ನಾನು ಅಂಕಿಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೆ. ಯಾರದ್ದೋ ಸಾಕಿದ ಆಡು ಸತ್ತು, ಚೀಟಿ ಯಾರದ್ದೋ ಕೈಗೆ ಸಿಕ್ಕಿ, ಪೊಲೀಸರು ಕೈಬರಹ ಹಿಡಿದು ಮತ್ರಾದವರೆಗೆ ಬಂದರೆ ಎಂಬ ಭಯ. ಆ ಬೆಟ್ಟದ ಬುಡದಲ್ಲಿ ಕನ್ನಡ ಅಂಕಿ ಓದುವವರು ಯಾರಿದ್ದಾರೆ?

"ಇಡೀ ರುಸ್ತಾಕಿನಲ್ಲಿ ನೀವೊಬ್ರು, ನಾನೊಬ್ಬ," ಎಂದು ಅಬ್ಬು ನಕ್ಕ. "ಮತ್ತೆ ಆ ನಾಯಿಗಳು. ಅವಕ್ಕೆ ಕನ್ನಡ ಬರುದಿಲ್ಲ ಅಂತ ಗ್ಯಾರಂಟಿ ಉಂಟಾ?"

ಇಪ್ಪತ್ತು ತುಂಡುಗಳು. ಆದರೆ ಕೊನೆಯ ಚೀಟಿಯ ಮೇಲೆ ಇದ್ದದ್ದು ೨೧. ಇದನ್ನು ಈಗಲೇ ಹೇಳಿಬಿಡಬೇಕು. ನಮ್ಮ ಗೋದಾಮಿನ ರ‍್ಯಾಕುಗಳಲ್ಲಿ ಹದಿಮೂರು ಇರಲಿಲ್ಲ. ಹಿಂದೆ ಇದ್ದ ಇಂಗ್ಲಿಷ್ ಮ್ಯಾನೇಜರನಿಗೆ ಆ ಸಂಖ್ಯೆ ಆಗುತ್ತಿರಲಿಲ್ಲ, ಹನ್ನೆರಡಾದ ಮೇಲೆ ನೇರ ಹದಿನಾಲ್ಕು. ಅವನು ಹೋದ ಮೇಲೂ ಅದು ಹಾಗೇ ಉಳಿದು ನನ್ನ ಕೈಗೂ ಅಂಟಿಕೊಂಡಿತ್ತು. ಅಲ್ಲಿಯೂ ಕೈ ತಾನಾಗಿ ೧೨ ಬರೆದು ೧೪ ಬರೆಯಿತು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಆಗಿರಲಿಲ್ಲ.

ಬೇಲಿಯ ಉದ್ದಕ್ಕೂ, ಸುಮಾರು ಎರಡು ಮೈಲಿಯ ಸುತ್ತಿನಲ್ಲಿ, ಒಂದೊಂದು ಕಲ್ಲಿನ ಪಕ್ಕ ಒಂದೊಂದು ತುಂಡು ಇಟ್ಟೆವು. ಯಾವುದು ಎಲ್ಲಿ ಎಂದು ನಾನು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದೆ. ಹಿಂದೆ ಹಿಂದೆ ಬರುತ್ತಿದ್ದ ಹಮೂದ್ ತನ್ನ ಹಿಂದಿಯಲ್ಲಿ, "ಸದೀಖ್, ಕುತ್ತಾ ಮುಖ್ ಹೈ. ತುಮ್ ಮುಖ್ ಮಾಫಿ" ಎಂದ. ಗೆಳೆಯಾ, ನಾಯಿಗೆ ತಲೆಯಿದೆ, ನಿನಗಿಲ್ಲ ಎಂದರ್ಥ. ಸೂರ್ಯ ಮುಳುಗಿದ ಮೇಲೆ ಅಬ್ಬು ರುಸ್ತಾಕಿನಲ್ಲಿರುವ ತನ್ನ ಭಾವನ ಅಂಗಡಿಗೆ ಮಲಗಲು ಹೋದ. ಹಮೂದ್ ಗೇಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡ. ಬರ್ಕ್‌ನನ್ನು ತನ್ನ ಕೋಣೆಯಲ್ಲಿ ಚರ್ಮದ ಪಟ್ಟಿ, ಸರಪಳಿ ಹಾಕಿ ಕಟ್ಟಿದ. ನಾನು ಹೋಗಿ ಎರಡು ಸಲ ಸರಪಳಿ ಎಳೆದು ನೋಡಿದೆ. ಮೂರನೆಯ ಸಲ ಹೋದಾಗ ಬರ್ಕ್ ನನ್ನತ್ತ ನೋಡಿದ ರೀತಿಯಲ್ಲಿ ಸ್ವಲ್ಪ ಅಬ್ಬುವಿನ ಕಳೆ ಇತ್ತು. ಪಕ್ಕದ ಕೋಣೆಗೆ ಬಂದು ಚಿಲಕ ಹಾಕಿ, ಚಿಲಕದ ಮೇಲೆ ಕುರ್ಚಿ ಒರಗಿಸಿ ಮಲಗಿದೆ. ಹೊರಗೆ ನಾಯಿಗಳ ಸದ್ದೇ ಇರಲಿಲ್ಲ. ಅದೂ ಒಂದು ಚಿಂತೆಯಾಯಿತು. ಆದರೆ ನಿದ್ದೆ ಬಂತು, ಅದೂ ಎಂಥ ನಿದ್ದೆ! ವರ್ಷಗಳಲ್ಲಿ ನಾನು ಅಷ್ಟು ಗಾಢವಾಗಿ ಮಲಗಿದ್ದಿಲ್ಲ.

ಎಚ್ಚರವಾದದ್ದು ಬಾಗಿಲು ಬಡಿತಕ್ಕೆ. ಆಗಷ್ಟೇ ಬೆಳಕು ಹರಿಯುತ್ತಿತ್ತು.

"ಬರ್ಕ್ ಮಾಫಿ! ಬರ್ಕ್ ಮಾಫಿ!" ಹಮೂದ್ ಚರ್ಮದ ಪಟ್ಟಿಯನ್ನು ನನ್ನ ಮುಖದ ಮುಂದೆ ಹಿಡಿದ. ಬಕಲು ಹಾಕಿದ್ದು ಹಾಗೇ ಇತ್ತು. ಸಲೂಕಿಯ ತಲೆ ಅದರ ಕುತ್ತಿಗೆಗಿಂತ ಸಣ್ಣದು ಎಂಬುದನ್ನು ನಾವಿಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಾನು ಓಡಿದೆ. ಆ ಓಟವನ್ನು ಏನೆಂದು ಹೇಳಲಿ! ನಲವತ್ತರ ಹತ್ತಿರದ ಹೊಟ್ಟೆ, ಒಂದೇ ಕಾಲಿನಲ್ಲಿ ಚಪ್ಪಲಿ, ಲುಂಗಿ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ನೋಟ್‌ಬುಕ್. ಕಣ್ಣ ಮುಂದೆ ಪೇಪರ್‌ವೇಟ್, ಅದರ ಕೆಳಗಿನ ಕಾಗದ, ಕ್ಯಾಸೆಟ್ಟಿನಲ್ಲಿ ಹಾಡುವ ಮಗಳು. ಒಂದನೆಯ ಕಲ್ಲಿಗೆ ಮುಟ್ಟಿದೆ. ಮಾಂಸ ಇಲ್ಲ. ಎರಡನೆಯದು ಇಲ್ಲ. ಮೂರನೆಯದೂ ಇಲ್ಲ. ಪ್ರತಿ ಖಾಲಿ ಕಲ್ಲಿನ ಬಳಿ ಬರ್ಕ್ ಸತ್ತು ಬಿದ್ದಿರುತ್ತಾನೆಂದು ಕಣ್ಣು ಮುಚ್ಚಿ, ತೆರೆದು, ಮತ್ತೆ ಓಡಿದೆ. ಅಷ್ಟರಲ್ಲಿ ಗೇಟಿನ ಹೊರಗೆ ಅಬ್ಬುವಿನ ಹಾರ್ನ್. ಹಮೂದ್ ಬೀಗ ತೆಗೆದು ವಿಷಯ ಹೇಳಿದ. ಪಿಕಪ್ ಧೂಳೆಬ್ಬಿಸಿಕೊಂಡು ನನ್ನ ಪಕ್ಕಕ್ಕೆ ಬಂತು.

"ಹತ್ತಿ! ಏನು ಓಡ್ತೀರಿ, ನಿಮ್ಗೇ ಏನಾದ್ರೂ ಆದ್ರೆ ಬರ್ಕ್‌ಗೂ ನಿಮ್ಗೂ ಸೇರಿ ನಾನು ಎರಡು ಉತ್ತರ ಕೊಡ್ಬೇಕಾಗ್ತದೆ!"

ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ನಿಂತು, ನಕ್ಷೆ ನೋಡಿ ಕೂಗುತ್ತ ಹೋದೆ. ಹತ್ತು, ಹನ್ನೊಂದು, ಹನ್ನೆರಡು, ಹದಿನಾಲ್ಕು. ಖಾಲಿ, ಖಾಲಿ, ಖಾಲಿ. ಇಪ್ಪತ್ತೂ ಜಾಗ ಖಾಲಿ. ತುಂಡುಗಳಿಲ್ಲ, ಚೀಟಿಗಳಿಲ್ಲ. ಸತ್ತ ನಾಯಿ ಒಂದೂ ಇಲ್ಲ. ಒದ್ದಾಡಿದ ಗುರುತಿಲ್ಲ. ಬರ್ಕ್ ಇಲ್ಲ.

"ಖಲಾಸ್," ಎಂದೆ. ನನ್ನ ವೀಸಾ, ಅಬ್ಬುವಿನ ವೀಸಾ, ಮುದುಕನ ಕೆಲಸ, ಎಲ್ಲ. ಅಬ್ಬು ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಗಾಡಿ ತಿರುಗಿಸಿ ಕೋಣೆಗಳ ಹಿಂಭಾಗಕ್ಕೆ, ನೀರಿನ ಟ್ಯಾಂಕಿನ ಕಡೆಗೆ ತಂದ. ತಂದವನೇ ಬ್ರೇಕ್ ಹಾಕಿದ. ನಾನು ತೊಟ್ಟಿಯಿಂದ ಬೀಳುವಷ್ಟು ಜೋರಾಗಿ.

ಟ್ಯಾಂಕಿನ ನೆರಳಿನಲ್ಲಿ, ನನ್ನ ಕೋಣೆಯ ಹಿಂಗೋಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಮಾಂಸದ ತುಂಡುಗಳು ಒಂದು ಸಾಲಿನಲ್ಲಿದ್ದವು. ನೂಲು ಹಿಡಿದಂಥ ಸಾಲು. ಒಂದನ್ನೂ ಕಚ್ಚಿರಲಿಲ್ಲ. ಪ್ರತಿಯೊಂದರ ದಾರ ಹಾಗೇ, ಚೀಟಿ ಮೇಲ್ಮುಖವಾಗಿ. ಎಡದಿಂದ ೧, ೨, ೩. ಒಂದೂ ಹೆಚ್ಚುಕಡಿಮೆಯಿಲ್ಲದೆ ಕ್ರಮವಾಗಿ ೧೨ರವರೆಗೆ. ಆಮೇಲೆ ಒಂದು ತೆರಪು. ತೆರಪಿನ ಆಚೆ ೧೪ರಿಂದ ೨೧.

ಆ ತೆರಪಿನಲ್ಲಿ ಬರ್ಕ್ ಮಲಗಿದ್ದ. ಮುಂಗಾಲುಗಳ ಮೇಲೆ ಮೂತಿಯಿಟ್ಟು. ಎರಡೂ ಬದಿಯ ಮಾಂಸ ಅವನ ಮೂಗಿಗೆ ಒಂದು ಗೇಣು ದೂರ. ನಾನು "ಬರ್ಕ್!" ಎಂದು ಕಿರುಚಿದ್ದಕ್ಕೆ ಎದ್ದು, ಬೆನ್ನು ಚಾಚಿ, ಆಕಳಿಸಿ, ಯಾವ ತುಂಡನ್ನೂ ಮೂಸದೆ, ಹಿಂದೆಯೇ ಓಡಿಬಂದ ಹಮೂದ್‌ನ ಬಳಿ ನಡೆದು ಹೋದ.

ನೆಲದ ತುಂಬ ನಾಯಿಗಳ ಹೆಜ್ಜೆಗಳು, ದೊಡ್ಡವು, ಸಣ್ಣವು. ಮನುಷ್ಯನ ಹೆಜ್ಜೆ ಇರಲಿಲ್ಲ ಎಂದು ಅಬ್ಬು ಹೇಳುತ್ತಾನೆ. ನಾನು ನೋಡುವಷ್ಟರಲ್ಲಿ ನಾನೇ ಅಲ್ಲೆಲ್ಲ ತುಳಿದಾಡಿಬಿಟ್ಟಿದ್ದೆ, ಆದ್ದರಿಂದ ನಾನು ಪ್ರಮಾಣ ಮಾಡಲಾರೆ.

"ಅಬ್ಬು, ನಿಜ ಹೇಳು. ನೀನಾ?"

"ಅಲ್ಲಾಹನಾಣೆ ಇಲ್ಲ. ಗೇಟಿಗೆ ಬೀಗ ಇತ್ತಲ್ಲ? ಮತ್ತೆ, ನೀವು ಹದಿಮೂರು ಬಿಟ್ಟದ್ದು ನನಗೆ ಈಗ ಗೊತ್ತಾದದ್ದು." ಅವನು ನನ್ನ ಮುಖ ನೋಡಿದ. "ಅದು ಗೊತ್ತಿದ್ದದ್ದು ನಿಮಗೊಬ್ರಿಗೇ ಅಲ್ವಾ?"

ಹಮೂದ್ ಮಾತ್ರ ಗಾಬರಿಯಾದಂತೆ ಕಾಣಲಿಲ್ಲ. ಬರ್ಕ್‌ನ ಕಿವಿ ತಿಕ್ಕುತ್ತ ನನಗೆ ಒಂದೇ ಮಾತು ಹೇಳಿದ, "ವಾಪಸ್ ದಿಯಾ." ಹಿಂದಕ್ಕೆ ಕೊಟ್ಟರು. ಯಾರು ಎಂದು ಕೇಳಿದರೆ ಬೆಟ್ಟದ ಕಡೆ ಗಲ್ಲ ಎತ್ತಿದ. ಅಷ್ಟೇ.

ಇಪ್ಪತ್ತೂ ತುಂಡುಗಳನ್ನು ಸುಟ್ಟು, ಆಳವಾಗಿ ಹೂತು, ಬೇಲಿಯಡಿಯ ತೂತುಗಳಿಗೆ ಮೂವರೂ ಕಲ್ಲು ತುಂಬಿದೆವು. ಅದನ್ನು ಮೊದಲೇ ಮಾಡಬಹುದಿತ್ತು ಎಂದು ಯಾರಿಗೂ ಹೊಳೆದಿರಲಿಲ್ಲ. ನಮಾಜಿನ ನಂತರ ಅರ್ಬಾಬ್ ಬಂದರು. ಎಷ್ಟು ನಾಯಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಮೂದ್, "ಇನ್ನು ಬರುವುದಿಲ್ಲ" ಎಂದುಬಿಟ್ಟ. ಬರಲೂ ಇಲ್ಲ. ಕಲ್ಲಿನಿಂದಲೋ ಬೇರೆ ಕಾರಣದಿಂದಲೋ ನನಗೆ ಗೊತ್ತಿಲ್ಲ. ಶನಿವಾರ ಪೇಪರ್‌ವೇಟ್ ಎದ್ದಿತು, ಸಹಿ ಬಿತ್ತು. ಅರ್ಬಾಬ್ ನಗುತ್ತ ಮುಂದಿನ ವರ್ಷವೂ ನೀನೇ ಹೋಗಬೇಕು ಎಂದರು. ನನಗೆ ಆಗುವುದಿಲ್ಲ ಎಂದೆ. ಕಫೀಲ್‌ಗೆ ನಾನು ಇಲ್ಲ ಎಂದದ್ದು ಅದೊಂದೇ ಸಲ.

ಹೆಂಡತಿ ಬಂದ ಮೊದಲ ವಾರವೇ ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, ಮಗಳಿಗೆ ಅನ್ನ ಕಲಸುತ್ತ, "ಇದರಲ್ಲಿ ಎಂತ ವಿಚಿತ್ರ? ನೀವೇ ನಿದ್ದೆಯಲ್ಲಿ ಎದ್ದು ಹೋಗಿ ಮಾಡಿದ್ದು" ಎಂದಳು. ಕಾರಣ ಹುಡುಕುವ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಆದರೆ ಚಿಲಕದ ಮೇಲೆ ಒರಗಿಸಿದ್ದ ಕುರ್ಚಿಯನ್ನು ಹಮೂದ್ ಬಾಗಿಲು ಬಡಿದಾಗ ನಾನೇ ಎತ್ತಿ ಪಕ್ಕಕ್ಕಿಟ್ಟದ್ದು ಚೆನ್ನಾಗಿ ನೆನಪಿದೆ. ರಾತ್ರಿ ಮೂತ್ರಕ್ಕೆ ಹೊರಗೆ ಹೋಗಲು ಹೆದರಿ ಬಾಟಲಿ ಇಟ್ಟುಕೊಂಡಿದ್ದವನು, ಆರೇಳು ನಾಯಿಗಳು ಅಲೆಯುವ ಕತ್ತಲಲ್ಲಿ ಟಾರ್ಚೂ ಇಲ್ಲದೆ ಎರಡು ಮೈಲಿ ಸುತ್ತಿ ಬಂದನೇ? ಹಾಗಾದರೆ ನನ್ನೊಳಗೆ ನನಗೆ ಗೊತ್ತಿಲ್ಲದ ಒಬ್ಬ ಧೈರ್ಯಸ್ಥನಿದ್ದಾನೆ. ನಾಯಿಗಳಿಗೆ ಕನ್ನಡ ಬರುತ್ತದೆ ಎಂದು ನಂಬುವುದು ಇದಕ್ಕಿಂತ ಸುಲಭ.

ಆ ಚೀಟಿಗಳನ್ನು ನಾನು ಸುಡಲಿಲ್ಲ. ಬಿಸ್ಕತ್ತಿನ ಒಂದು ಡಬ್ಬಿಯಲ್ಲಿ ಹಾಕಿ ಬೀರುವಿನ ಮೇಲಿಟ್ಟಿದ್ದೇನೆ. ಎರಡು ಮೂರು ತಿಂಗಳಿಗೊಮ್ಮೆ, ಮನೆಯವರು ಇಲ್ಲದಾಗ, ತೆಗೆದು ಎಣಿಸುತ್ತೇನೆ. ಪ್ರತಿ ಸಲವೂ ಇಪ್ಪತ್ತೇ. ೧೨ ಆದ ಮೇಲೆ ೧೪. ಡಬ್ಬಿ ಮುಚ್ಚಿ ಉಸಿರು ಬಿಡುತ್ತೇನೆ. ಒಂದು ದಿನ ಇಪ್ಪತ್ತೊಂದು ಇದ್ದುಬಿಟ್ಟರೆ, ಆ ಹೆಚ್ಚಿನದರ ಮೇಲಿನ ಕೈಬರಹ ಯಾರದ್ದೆಂದು ನೋಡುವ ಧೈರ್ಯ ನನಗಿದೆಯೇ ಎಂಬುದೇ ಈಗಿನ ಚಿಂತೆ.